ಮೂಗಿಗೆ ತಾಲೀಮು, ತಲೆಗೆ ಬಿಡುವು

ಕೋವಿಡ್ ಬಂದು ಹೋದಾಗ ನನ್ನಿಂದ ಎರಡನ್ನು ಕಿತ್ತುಕೊಂಡು ಹೋಯಿತು. ಒಂದು ವಾಸನೆ, ಇನ್ನೊಂದು ನೆನಪು. ವಾಸನೆ ಹೋಗಿದೆ ಅಂತ ಅದೇ ವಾರ ಗೊತ್ತಾಯಿತು. ನೆನಪಿನ ವಿಷಯ ತಿಳಿಯಲು ಬಹಳ ಕಾಲ ಹಿಡಿಯಿತು. ಮರೆತದ್ದು ಏನು ಅಂತ ಮರೆತವನಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ನಾನು ರಸಾಯನಶಾಸ್ತ್ರದ ಮೇಷ್ಟ್ರು. ಲ್ಯಾಬಿನಲ್ಲಿ ನಮಗೆ ಮೂಗೂ ಒಂದು ಉಪಕರಣ. ಯಾವ ಬಾಟಲಿಯ ಮುಚ್ಚಳ ಸಡಿಲ ಇದೆ, ಯಾರ ಟೆಸ್ಟ್ ಟ್ಯೂಬಿನಿಂದ ಹೈಡ್ರೋಜನ್ ಸಲ್ಫೈಡ್ ಏಳುತ್ತಿದೆ ಅನ್ನೋದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ನಾನು ಕೆಲಸಕ್ಕೆ ಮರಳಿದ ದಿನ ಹುಡುಗರು ಎಸ್ಟರ್ ತಯಾರಿಸುತ್ತಿದ್ದರು. ಐಸೋಅಮೈಲ್ ಅಸಿಟೇಟ್, ಥೇಟ್ ಬಾಳೆಹಣ್ಣಿನ ವಾಸನೆ. "ಸರ್, ಬಂತು ಬಂತು!" ಅಂತ ಒಬ್ಬಳು ಟ್ಯೂಬ್ ತಂದು ತೋರಿಸಿದಳು. ನನಗೆ ಬರೀ ಗಾಳಿ. ಸೋಪು, ಕಾಫಿ ಎರಡೂ ಸಪ್ಪೆಯಾಗಿದ್ದರಿಂದ ಮನೆಯಲ್ಲೇ ಅನುಮಾನ ಬಂದಿತ್ತು. ಆದರೂ ಶೀತದ ಮೂಗು, ಸರಿಹೋಗುತ್ತೆ ಅಂದುಕೊಂಡಿದ್ದೆ. ಮೂಗು ಕಟ್ಟಿರಲಿಲ್ಲ ಅನ್ನೋದು ಆಗ ಹೊಳೆಯಿತು. ಉಸಿರು ಸಲೀಸಾಗಿ ಆಡುತ್ತಿತ್ತು.

ಕ್ಲಾಸು ಮುಗಿದ ಮೇಲೆ ಅಮೋನಿಯಾ ಬಾಟಲಿ ತೆರೆದು, ದೂರದಿಂದ ಕೈಯಲ್ಲಿ ಬೀಸಿಕೊಂಡೆ. ಕಣ್ಣಲ್ಲಿ ನೀರು ಬಂತು, ಮೂಗು ಚುರ್ ಅಂತು. ಆದರೆ ವಾಸನೆ ಇಲ್ಲ, ಉರಿ ಮಾತ್ರ. ಇದು ವಿಚಿತ್ರವಲ್ಲ ಅಂತ ಆಮೇಲೆ ತಿಳಿಯಿತು. ಘಾಟು, ಮೆಂಥಾಲಿನ ತಂಪು, ಮೆಣಸಿನಕಾಯಿಯ ಉರಿ, ಇವನ್ನೆಲ್ಲ ಮಿದುಳಿಗೆ ಮುಟ್ಟಿಸುವುದು ಟ್ರೈಜೆಮಿನಲ್ ಎಂಬ ಮುಖದ ನರ. ವಾಸನೆಯ ನರ ಬೇರೆ. ಹಾಗಾಗಿ ಘಾಟು ಗೊತ್ತಾದ ಮಾತ್ರಕ್ಕೆ ವಾಸನೆ ಬರುತ್ತಿದೆ ಅಂತ ಅರ್ಥವಲ್ಲ. "ನಿಮಗೆ ವಾಸನೆ ಬರುತ್ತಾ ನೋಡೋಣ" ಅಂತ ಘಾಟಿನ ಪದಾರ್ಥವನ್ನೇ ಮೂಗಿಗೆ ಹಿಡಿಯುವವರು ಎಲ್ಲ ಕಡೆ ಸಿಗುತ್ತಾರೆ. ಅವರಿಗೆ ಇದನ್ನು ವಿವರಿಸಿ ನನಗೆ ಸಾಕಾಯಿತು.

ಊಟದ ಕಥೆ ಹೆಚ್ಚಿಗೆ ಹೇಳಬೇಕಿಲ್ಲ. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ, ಮತ್ತೆ ಅಣಬೆ, ಮಾಂಸದ ಸಾರಿನಲ್ಲಿರುವ ಉಮಾಮಿ ಎಂಬ ರುಚಿ, ಇಷ್ಟೇ. ಉಳಿದದ್ದೆಲ್ಲ ಅಗಿಯುವಾಗ ಬಾಯಿಯ ಹಿಂದಿನಿಂದ ಮೂಗಿಗೆ ಏರುವ ಆವಿಯ ಕೆಲಸ. ಅದಿಲ್ಲದೆ ತಿನ್ನುವುದು ಒಂದು ಕರ್ತವ್ಯವಾಯಿತು.

ಇಎನ್‌ಟಿ ಡಾಕ್ಟರು ಕ್ಯಾಮೆರಾ ಇರುವ ತೆಳ್ಳನೆಯ ಕೊಳವೆಯನ್ನು ಮೂಗಿನೊಳಗೆ ಹಾಕಿ ನೋಡಿದರು. ಗಡ್ಡೆ ಇಲ್ಲ, ಊತ ಇಲ್ಲ, ದಾರಿ ತೆರೆದೇ ಇದೆ. ಆಮೇಲೆ ಮಾರ್ಕರ್ ಪೆನ್ನಿನ ಹಾಗಿರುವ 16 ಕಡ್ಡಿಗಳನ್ನು ಒಂದೊಂದಾಗಿ ಮೂಸಿಸಿದರು. ಪ್ರತಿಯೊಂದಕ್ಕೂ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಒಂದನ್ನು ಆರಿಸಬೇಕು. ನನಗೆ ಸರಿ ಬಂದದ್ದು 4. ಲೆಕ್ಕ ಗೊತ್ತಿರುವವರಿಗೆ ಇದರ ಮಜಾ ತಿಳಿಯುತ್ತೆ. ಮೂಸದೆ, ಕಣ್ಣುಮುಚ್ಚಿ ಗುರುತು ಹಾಕಿದ್ದರೂ ಸರಾಸರಿ ಅಷ್ಟೇ ಬರುತ್ತಿತ್ತು.

ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಮೂಗಿನ ಮೇಲ್ಛಾವಣಿಯಲ್ಲಿ ವಾಸನೆ ಹಿಡಿಯುವ ನರಕೋಶಗಳಿವೆ. ಅವುಗಳ ಸುತ್ತ ಅವನ್ನು ಸಾಕುವ ಆಧಾರ ಕೋಶಗಳಿವೆ. ಕೋವಿಡ್ ವೈರಸ್ ಒಳಹೊಗಲು ಹಿಡಿದುಕೊಳ್ಳುವ ಎಸಿಇ2 ಪ್ರೋಟೀನು ಇರುವುದು ಆಧಾರ ಕೋಶಗಳ ಮೇಲೆ, ನರಕೋಶಗಳ ಮೇಲಲ್ಲ. ಇದು 2020ರಲ್ಲೇ ಗೊತ್ತಾಗಿತ್ತು. ಆಧಾರ ಕೋಶಗಳು ಬೇಗ ಚೇತರಿಸಿಕೊಳ್ಳುವುದರಿಂದ ಎಷ್ಟೋ ಜನರಿಗೆ ಕೆಲವು ವಾರಗಳಲ್ಲಿ ವಾಸನೆ ಮರಳುತ್ತದೆ. ಕೆಲವರಿಗೆ ಅಲ್ಲಿ ಉರಿಯೂತ ಹಾಗೇ ಉಳಿದು ನರಕೋಶಗಳೂ ಸೊರಗುತ್ತವೆ. ಕೋವಿಡ್ಡೇ ಆಗಬೇಕಿಲ್ಲ, ಫ್ಲೂ ಬಂದವರಿಗೆ, ಮಾಮೂಲಿ ನೆಗಡಿಯ ವೈರಸ್ ತಗುಲಿದವರಿಗೆ ಹೀಗಾಗುವುದನ್ನು ಮೂಗಿನ ಡಾಕ್ಟರುಗಳು ಹಿಂದಿನಿಂದಲೂ ನೋಡಿದ್ದಾರೆ.

ಒಂದು ಸಮಾಧಾನದ ಸಂಗತಿ ಅಂದರೆ ಈ ನರಕೋಶಗಳು ಜೀವನಪೂರ್ತಿ ಹೊಸದಾಗಿ ಹುಟ್ಟುತ್ತವೆ. ಮಿದುಳಿನ ಹೆಚ್ಚಿನ ಕೋಶಗಳಿಗೆ ಈ ಭಾಗ್ಯ ಇಲ್ಲ. ಆದರೆ ಹುಟ್ಟಿದರೆ ಸಾಲದು. ಮನುಷ್ಯರಲ್ಲಿ ವಾಸನೆಯ ಗ್ರಾಹಕಗಳು, ಅಂದರೆ ವಾಸನೆಯ ಅಣುಗಳನ್ನು ಹಿಡಿಯುವ ಪ್ರೋಟೀನುಗಳು, ಸುಮಾರು 400 ಬಗೆಯವು. ಈ ಗ್ರಾಹಕಗಳ ವಂಶವಾಹಿಗಳನ್ನು 1991ರಲ್ಲಿ ಪತ್ತೆ ಮಾಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ನಾನೇ ಇದನ್ನು ಎಷ್ಟೋ ಸಲ ಮಕ್ಕಳಿಗೆ ಹೇಳಿದ್ದೇನೆ. ಹೊಸದಾಗಿ ಹುಟ್ಟಿದ ಪ್ರತಿ ಕೋಶ ತಲೆಬುರುಡೆಯ ಸಣ್ಣ ತೂತುಗಳ ಮೂಲಕ ತನ್ನ ಎಳೆಯನ್ನು ಕಳಿಸಿ, ಮಿದುಳಿನಲ್ಲಿ ತನ್ನ ಬಗೆಯ ಗ್ರಾಹಕಕ್ಕೆ ಮೀಸಲಾದ ಜಾಗಕ್ಕೇ ಸೇರಬೇಕು. ದಾರಿ ತಪ್ಪಿದರೆ ಏನಾಗುತ್ತೆ ಅಂತ ಮುಂದೆ ಅನುಭವಕ್ಕೆ ಬಂತು.

ಸ್ಟೀರಾಯ್ಡ್ ಕೇಳಿದೆ. ನಿಮ್ಮಂಥ ಕೇಸಿಗೆ ಪುರಾವೆ ಗಟ್ಟಿಯಾಗಿಲ್ಲ ಅಂದರು. ಯಾರೋ ಸತುವಿನ ಅಂಶ ಇರುವ ಮೂಗಿನ ಜೆಲ್ ಹಾಕಿಕೊಳ್ಳಿ ಅಂದಿದ್ದರು. ಅದನ್ನು ಹೇಳಿದ ಕೂಡಲೇ ಡಾಕ್ಟರು ತಲೆ ಅಲ್ಲಾಡಿಸಿದರು. ಅಂಥ ಉತ್ಪನ್ನಗಳಿಂದಲೇ ವಾಸನೆ ಕಳೆದುಕೊಂಡವರು ಇದ್ದಾರೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲೇ ಎಚ್ಚರಿಸಿತ್ತು. ಉಳಿದದ್ದು ಎರಡೇ. ಉಪ್ಪುನೀರಿನಲ್ಲಿ ಮೂಗು ತೊಳೆಯುವುದು ಮತ್ತು ವಾಸನೆಯ ತಾಲೀಮು.

ತಾಲೀಮು ಅಂದಾಗ ನನಗೆ ನಗು ಬಂತು. ಆದರೆ ಇದು ಸುಮ್ನೆ ಹೇಳಿದ ಮಾತಲ್ಲ. ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ ಮತ್ತು ಅವರ ಜೊತೆಗಾರರು 2009ರಲ್ಲಿ ಪ್ರಕಟಿಸಿದ ವಿಧಾನ. ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕು ವಾಸನೆಗಳನ್ನು ದಿನಕ್ಕೆರಡು ಸಲ, 12 ವಾರ ಮೂಸಬೇಕು. ಹೂವಿನದೊಂದು, ರಾಳದ ಬಗೆಯದೊಂದು, ಹಣ್ಣಿನದೊಂದು, ಮಸಾಲೆಯದೊಂದು. ನನ್ನ ಕಣ್ಣಿಗೆ ಅವು ಫೀನೈಲ್ ಎಥೈಲ್ ಆಲ್ಕೋಹಾಲ್, ಯೂಕಲಿಪ್ಟಾಲ್, ಸಿಟ್ರೊನೆಲ್ಲಾಲ್, ಯೂಜೆನಾಲ್. ಹಳೇ ಪರಿಚಯದವರು.

ಕಂದು ಬಣ್ಣದ ಸಣ್ಣ ಬಾಟಲಿಗಳಲ್ಲಿ ಹತ್ತಿ ಇಟ್ಟು ಎಣ್ಣೆ ಹನಿಸಿದೆ. ನಿಂಬೆ ಎಣ್ಣೆ ಗಾಳಿ ತಗುಲಿ ಬೇಗ ಕೆಡುತ್ತೆ, ಅದನ್ನು ಆಗಾಗ ಬದಲಾಯಿಸಬೇಕು. ಒಂದೊಂದನ್ನೂ ಇಪ್ಪತ್ತು ಸೆಕೆಂಡಿನಷ್ಟು ಹೊತ್ತು ಮೂಸುವುದು. ಜೋರಾಗಿ ಎಳೆದುಕೊಳ್ಳಬಾರದು, ಮೊಲ ಮೂಗಾಡಿಸಿದ ಹಾಗೆ ಸಣ್ಣ ಸಣ್ಣ ಉಸಿರು. ಮೂಸುವಾಗ ಹೆಸರು ಓದಿಕೊಂಡು, ಆ ವಾಸನೆ ಹೇಗಿತ್ತು ಅಂತ ಮನಸ್ಸಿನಲ್ಲಿ ತಂದುಕೊಳ್ಳಬೇಕು. ಕಷ್ಟ ಅಲ್ಲಿದೆ. ಇಲ್ಲದ ವಾಸನೆಯನ್ನು ನೆನೆಸಿಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ. ಗುಲಾಬಿಯ ಬಣ್ಣ ಬರುತ್ತಿತ್ತು, ಆಕಾರ ಬರುತ್ತಿತ್ತು, ವಾಸನೆ ಮಾತ್ರ ಬರುತ್ತಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಅಂಕ ಹಾಕಿಕೊಳ್ಳುತ್ತಿದ್ದೆ. ಪುಟ ಪೂರ್ತಿ ಸೊನ್ನೆ. ನೀಲಗಿರಿ ಒಂದು ದಿನ ತಂಪಾಗಿ ತಾಗಿತು. ಹಿಗ್ಗಬೇಕು ಅನ್ನುವಷ್ಟರಲ್ಲಿ, ಇದೂ ಟ್ರೈಜೆಮಿನಲ್ ಕಿತಾಪತಿ ಅಂತ ಹೊಳೆದು ಮತ್ತೆ ಸೊನ್ನೆ ಬರೆದೆ.

ಇಷ್ಟು ಹೊತ್ತಿಗೆ ನೆನಪಿನ ವಿಷಯ ಮುಚ್ಚಿಡಲಾಗದ ಹಂತಕ್ಕೆ ಬಂದಿತ್ತು. ಬೋರ್ಡಿನ ಮೇಲೆ ವರ್ಷಗಟ್ಟಲೆ ಮಾಡಿದ ಸಮೀಕರಣ ಬರೆಯುತ್ತಿರುತ್ತೇನೆ. ಯಾರೋ ಪ್ರಶ್ನೆ ಕೇಳುತ್ತಾರೆ, ಉತ್ತರ ಹೇಳಿ ತಿರುಗುತ್ತೇನೆ. ಎಲ್ಲಿದ್ದೆ, ಮುಂದೇನು ಬರೆಯಬೇಕಿತ್ತು, ಒಂದೂ ಗೊತ್ತಿಲ್ಲ. ಉತ್ತರಪತ್ರಿಕೆಯ ಅಂಕಗಳನ್ನು ರಿಜಿಸ್ಟರಿಗೆ ಏರಿಸುವಾಗ ಅಂಕ ನೋಡಿ ಪುಟದ ಕಡೆ ಕಣ್ಣು ಹೊರಳಿಸುವಷ್ಟರಲ್ಲಿ ಅದು ಹಾರಿಹೋಗಿರುತ್ತಿತ್ತು. ಆದರೆ ಹಳೆಯದೆಲ್ಲ ಭದ್ರ. ಆವರ್ತ ಕೋಷ್ಟಕ, ಹಿಂದಿನ ಬ್ಯಾಚುಗಳ ಹುಡುಗರ ಹೆಸರು, ಎಲ್ಲಾ ನಾಲಿಗೆ ತುದಿಯಲ್ಲೇ ಇತ್ತು. ಹೊಸದು ಮಾತ್ರ ಅಂಟುತ್ತಿರಲಿಲ್ಲ.

ಮನೆಯಲ್ಲಿ ಮಗಳು ಒಮ್ಮೆ, "ಅಪ್ಪಾ, ಇದನ್ನ ಈಗಷ್ಟೇ ಕೇಳಿದ್ಯಲ್ಲ" ಅಂದಳು. ಇನ್ನೊಮ್ಮೆಯೂ ಅಂದಳು. ಆಮೇಲೆ ಹಾಗೆ ಹೇಳುವುದನ್ನೇ ಬಿಟ್ಟು, ಪ್ರತಿಸಲ ಮೊದಲ ಸಲ ಕೇಳಿಸಿಕೊಂಡವಳ ಹಾಗೆ ಉತ್ತರ ಕೊಡತೊಡಗಿದಳು. ಅದು ಜಾಸ್ತಿ ಚುಚ್ಚಿತು. ಸಹೋದ್ಯೋಗಿಗಳದ್ದು ಬೇರೆ ರಾಗ. "ವಯಸ್ಸು ಸರ್, ನಮಗೂ ಮರೆವೇ." ಸಮಾಧಾನಕ್ಕೆ ಹೇಳುತ್ತಾರೆ, ನಿಜ. ಆದರೆ ವಯಸ್ಸಿನ ಮರೆವು ಒಂದು ಜ್ವರದ ವಾರದಲ್ಲಿ ಬಂದು ಕೂರುವುದಿಲ್ಲ.

ಮೊದಲು ರಕ್ತಪರೀಕ್ಷೆ. ಬಿ12, ಥೈರಾಯ್ಡ್, ಕಬ್ಬಿಣ, ಸಕ್ಕರೆ. ಮರೆವಿಗೆ ಸುಲಭದಲ್ಲಿ ಸರಿಪಡಿಸಬಹುದಾದ ಕಾರಣಗಳು ಎಷ್ಟೋ ಇವೆ, ಮೊದಲು ಅವನ್ನು ತಳ್ಳಿಹಾಕಬೇಕಲ್ಲ. ನಿದ್ದೆ ಹೇಗಿದೆ, ಮನಸ್ಸು ಹೇಗಿದೆ ಅಂತಲೂ ಕೇಳಿದರು. ಎಲ್ಲ ಬಹುಪಾಲು ಸರಿ ಇತ್ತು. ಅಲ್ಲಿಂದ ನ್ಯೂರಾಲಜಿಸ್ಟ್ ಹತ್ತಿರ.

ಅವರು ಮಾಡಿಸಿದ್ದು ಮೋಕಾ ಎಂಬ ಪರೀಕ್ಷೆ, 30 ಅಂಕದ್ದು. ಗಡಿಯಾರದ ಚಿತ್ರ ಬರೆಯುವುದು, 100ರಿಂದ ಏಳೇಳು ಕಳೆಯುತ್ತಾ ಹೋಗುವುದು, ಐದು ಪದ ಕೇಳಿಸಿಕೊಂಡು ಸ್ವಲ್ಪ ಹೊತ್ತಿನ ಮೇಲೆ ಹೇಳುವುದು. 26 ಬಂದರೆ ನಾರ್ಮಲ್ ಅನ್ನುತ್ತಾರೆ. ನನಗೆ 27. ಎದುರಿಗೆ ಕೂತವರು ನಾರ್ಮಲ್ ಅಂದಾಗ ಖುಷಿಯಾಗಬೇಕಿತ್ತು. ನನಗೆ ಸಿಟ್ಟು ಬಂತು. ಐದು ಪದಗಳಲ್ಲಿ ಮೂರು ನನ್ನ ಕಣ್ಣೆದುರೇ ಮಾಯವಾಗಿದ್ದವು, ಹೋದ ಮೂರು ಅಂಕವೂ ಅವೇ. ಆದರೆ ಡಾಕ್ಟರು "ಅದೊಂದು ಬಟ್ಟೆ" ಅಂತ ಸುಳಿವು ಕೊಟ್ಟ ಕೂಡಲೇ ಒಂದು ಪದ ಬಂತು, ಇನ್ನೊಂದಕ್ಕೂ ಹಾಗೇ. ಸುಳಿವಿನಿಂದ ಬಂದದ್ದಕ್ಕೆ ಅಂಕ ಇಲ್ಲ. ಆದರೆ ಅದೇ ದೊಡ್ಡ ಸುಳಿವಾಗಿತ್ತು. ಪದ ಅಳಿಸಿಹೋಗಿರಲಿಲ್ಲ, ಕೈಗೆ ಸಿಗುತ್ತಿರಲಿಲ್ಲ ಅಷ್ಟೇ.

ಮುಂದೆ ಮನೋಶಾಸ್ತ್ರದವರು ಅರ್ಧ ದಿನ ಕೂರಿಸಿ ಪರೀಕ್ಷೆ ಮಾಡಿದರು. ಅಂಕಿ, ಅಕ್ಷರ, ಅಂಕಿ, ಅಕ್ಷರ ಅಂತ ಬದಲಿಸುತ್ತಾ ಗೆರೆ ಎಳೆದು ಜೋಡಿಸುವ ಒಂದು ಕಾಗದ ಕೊಟ್ಟರು. ಅದರಲ್ಲಿ ನಾನು ತೀರಾ ನಿಧಾನ. ಕೊನೆಯಲ್ಲಿ ಅವರು ಹೇಳಿದ್ದು ಇದು: ನೆನಪು ಕೂಡಿಡುವ ಜಾಗ ಕೆಟ್ಟಿಲ್ಲ, ಗಮನ ಕೆಟ್ಟಿದೆ. ವಿಷಯ ಸರಿಯಾಗಿ ಒಳಗೆ ಹೋಗುತ್ತಲೇ ಇಲ್ಲ, ಹೋಗಿದ್ದನ್ನು ಹುಡುಕಿ ತೆಗೆಯಲೂ ತ್ರಾಣ ಸಾಲುತ್ತಿಲ್ಲ. ಬ್ರೈನ್ ಫಾಗ್, ಅಂದರೆ ತಲೆಗೆ ಮಂಜು ಕವಿದಿದೆ ಅನ್ನುವ ಮಸುಕು ಮಾತಿಗಿಂತ ಇದು ಎಷ್ಟೋ ಪಾಲು ಉಪಯೋಗಕ್ಕೆ ಬಂತು.

ಒಂದು ಭಯವಿತ್ತು, ಅದನ್ನು ಬಾಯಿಬಿಟ್ಟು ಕೇಳಿದೆ. ವಾಸನೆ ಹೋಗುವುದು ಆಲ್ಝೈಮರ್ಸ್, ಪಾರ್ಕಿನ್ಸನ್ಸ್ ಕಾಯಿಲೆಗಳ ಮೊದಮೊದಲ ಲಕ್ಷಣ ಆಗಿರಬಹುದು ಅಂತ ಓದಿದ್ದೆ. ಜೊತೆಗೆ ಮರೆವು ಬೇರೆ. ನ್ಯೂರಾಲಜಿಸ್ಟ್ ಹೇಳಿದರು, ಅವುಗಳಲ್ಲಿ ವಾಸನೆ ವರ್ಷಗಳ ಕಾಲ ಮೆಲ್ಲಗೆ ಜಾರುತ್ತೆ, ಎಷ್ಟೋ ಜನಕ್ಕೆ ಹೋಗಿದ್ದೇ ತಿಳಿಯುವುದಿಲ್ಲ. ನಿಮ್ಮದು ಜ್ವರದ ಜೊತೆ ಒಂದೇ ಏಟಿಗೆ ಹೋದದ್ದು. ಎಂಆರ್‌ಐಯಲ್ಲೂ ಏನೂ ಕಾಣಲಿಲ್ಲ.

ಆದರೂ ಓದುವ ಚಟ ಬಿಡಲಿಲ್ಲ. 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಅಧ್ಯಯನ ಸಿಕ್ಕಿತು. 785 ಜನರ ಮಿದುಳನ್ನು ಎರಡೆರಡು ಸಲ ಸ್ಕ್ಯಾನ್ ಮಾಡಿದ್ದರು. ಅವರಲ್ಲಿ 401 ಜನರಿಗೆ ಎರಡು ಸ್ಕ್ಯಾನುಗಳ ನಡುವೆ ಕೋವಿಡ್ ಬಂದಿತ್ತು. ಬಂದವರಲ್ಲಿ ವಾಸನೆಗೂ ನೆನಪಿಗೂ ಸಂಬಂಧಪಟ್ಟ ಭಾಗಗಳ ಬೂದು ಪದರ, ಬಾರದವರಿಗಿಂತ ಸರಾಸರಿಯಲ್ಲಿ ಸ್ವಲ್ಪ ಜಾಸ್ತಿ ತೆಳುವಾಗಿತ್ತು. ಅದೇ ಅಂಕಿ-ಅಕ್ಷರ ಜೋಡಿಸುವ ಪರೀಕ್ಷೆಯಲ್ಲಿ ಅವರೂ ನಿಧಾನ. ಆ ಸಾಲು ಓದಿ ಪುಸ್ತಕ ಮುಚ್ಚಿಟ್ಟ ಹಾಗೆ ಲ್ಯಾಪ್‌ಟಾಪ್ ಮುಚ್ಚಿಟ್ಟೆ. ವ್ಯತ್ಯಾಸ ಚಿಕ್ಕದು, ಅದು ಗುಂಪಿನ ಸರಾಸರಿ, ಒಬ್ಬರ ಹಣೆಬರಹ ಹೇಳುವುದಿಲ್ಲ. ಇದನ್ನೆಲ್ಲ ಅಂಕಿಅಂಶ ಕಲಿತ ನನ್ನ ತಲೆ ಹೇಳುತ್ತಿತ್ತು. ರಾತ್ರಿ ಹೊತ್ತು ಆ ಮಾತು ಅಷ್ಟಾಗಿ ಕೇಳಿಸುತ್ತಿರಲಿಲ್ಲ.

ಮೂಗಿನಿಂದ ಹೊರಟ ಸುದ್ದಿ ಬೇರೆ ಇಂದ್ರಿಯಗಳ ಹಾಗೆ ಮಿದುಳಿನ ನಡುವಿನ ಥಾಲಮಸ್ ಎಂಬ ನಿಲ್ದಾಣದಲ್ಲಿ ಮೊದಲು ನಿಲ್ಲುವುದಿಲ್ಲ. ನೇರವಾಗಿ ಭಾವನೆಯ ಅಮಿಗ್ಡಲಾ, ನೆನಪಿನ ಹಿಪೊಕ್ಯಾಂಪಸ್ ಇರುವ ನೆರೆಹೊರೆಗೇ ಹೋಗುತ್ತದೆ. ಹಾಗಿದ್ದರೆ ಮೂಗು ಸರಿಹೋದರೆ ನೆನಪೂ ಸರಿಹೋಗಬೇಕಲ್ಲ ಅಂತ ಇಬ್ಬರು ಡಾಕ್ಟರನ್ನೂ ಕೇಳಿದೆ. ಇಬ್ಬರೂ ಹಾಗೇನೂ ಇಲ್ಲ ಅಂದರು. ನನ್ನ ಅನುಭವವೂ ಅದೇ. ಅಷ್ಟೇ ಅಲ್ಲ, ಎರಡಕ್ಕೂ ಬೇಕಾದ ಚಿಕಿತ್ಸೆ ಒಂದಕ್ಕೊಂದು ಪೂರಾ ಉಲ್ಟಾ ಇತ್ತು. ಮೂಗನ್ನು ದಿನಾ ದುಡಿಸಬೇಕು, ಫಲ ಕಾಣದಿದ್ದರೂ ದುಡಿಸುತ್ತಲೇ ಇರಬೇಕು. ತಲೆಯನ್ನು ದುಡಿಸಲೇಬಾರದು.

ಮೇಷ್ಟ್ರಿಗೆ ಇದನ್ನು ಒಪ್ಪುವುದು ಕಷ್ಟ. ನಮ್ಮ ಇಡೀ ಬದುಕೇ "ಇನ್ನೊಂದ್ಸಲ ಮಾಡು, ಬರುತ್ತೆ" ಅನ್ನೋದು. ಫೋನಿನಲ್ಲಿ ನೆನಪಿನ ಆಟಗಳು, ಪದಬಂಧ, ಹೊಸ ಭಾಷೆಯ ಪಾಠ ಎಲ್ಲ ಶುರುವಾಗಿತ್ತು. ಆಡಿದ ದಿನ ಚುರುಕು, ಮಾರನೆಯ ದಿನ ಹಾಸಿಗೆಯಿಂದ ಏಳಲಾಗದಷ್ಟು ಸುಸ್ತು, ಮಾತಿಗೆ ಪದಗಳೇ ಸಿಗುವುದಿಲ್ಲ. ಚಿಕಿತ್ಸೆ ಕೊಡುತ್ತಿದ್ದವರು ಅವನ್ನೆಲ್ಲ ನಿಲ್ಲಿಸಿಸಿದರು. ಶ್ರಮದ ಪೆಟ್ಟು ತಡವಾಗಿ ಬೀಳುವ ಈ ಲಕ್ಷಣ ಇದ್ದವರು ಮಿತಿ ಮುಟ್ಟುವ ಮೊದಲೇ ನಿಲ್ಲಬೇಕು, ಮುಟ್ಟಿದ ಮೇಲಲ್ಲ ಅಂದರು. ತಲೆ ಚೆನ್ನಾಗಿ ಓಡುತ್ತಿರುವಾಗ ಎದ್ದು ಹೋಗಿ ಸುಮ್ಮನೆ ಕಣ್ಣುಮುಚ್ಚಿ ಕೂರಬೇಕು. ನಾನು ಕಲಿತ ಪಾಠಗಳಲ್ಲೆಲ್ಲ ಕಷ್ಟದ್ದು ಇದೇ.

ಉಳಿದವು ಸಣ್ಣಪುಟ್ಟ ಉಪಾಯಗಳು. ಎಲ್ಲವನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಬರೆಯುವುದು, ಚೀಟಿಗಳು ಬೇಡವೇ ಬೇಡ. "ಒಲೆ ಆರಿಸಿದೆ" ಅಂತ ಬಾಯಿಬಿಟ್ಟು ಹೇಳುವುದು. ಹೇಳಿದರೆ ಗಮನ ಒಂದು ಕ್ಷಣ ಅಲ್ಲಿ ನಿಲ್ಲುತ್ತೆ. ಯಾರಾದರೂ ಮಾತಾಡುವಾಗ ಕೈಯಲ್ಲಿರುವ ಕೆಲಸ ಬಿಡುವುದು. ಕ್ಲಾಸಿನಲ್ಲಿ ಹುಡುಗರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಅವರು ಇದನ್ನು ದೊಡ್ಡದು ಮಾಡಲೇ ಇಲ್ಲ. ನಾನು ಬೋರ್ಡಿನ ಮುಂದೆ ತಡವರಿಸಿದರೆ ಮುಂದಿನ ಬೆಂಚಿನಿಂದ "ಸರ್, ಮೂರನೇ ಹೆಜ್ಜೆ, ಕೆಪಿ ಹಾಕಬೇಕಿತ್ತು" ಅಂತ ಬರುತ್ತೆ. ಅವರಿಗೆ ಸಮೀಕರಣಗಳು ಈಗ ನನಗಿಂತ ಚೆನ್ನಾಗಿ ಬಾಯಿಪಾಠ.

ಮೂಗಿನ ನೋಟ್‌ಬುಕ್ಕಿನಲ್ಲಿ ಮೊದಲು ಸೊನ್ನೆ ದಾಟಿದ್ದು ಲವಂಗ. ಆದರೆ ಲವಂಗವಾಗಿ ಅಲ್ಲ, ಏನೋ ಕೊಳಕು ಸಿಹಿಯಾಗಿ. ಸ್ವಲ್ಪ ದಿನಕ್ಕೆ ಕಾಫಿ ಸುಟ್ಟ ರಬ್ಬರ್ ಆಯಿತು. ಹುರಿಯುವ ಈರುಳ್ಳಿ, ಬೇಯುವ ಮೊಟ್ಟೆ, ಟೂತ್‌ಪೇಸ್ಟ್, ನನ್ನದೇ ಬೆವರು, ಎಲ್ಲಕ್ಕೂ ಅದೇ ಒಂದು ನಾತ. ಇದಕ್ಕೆ ಪರೋಸ್ಮಿಯಾ ಅನ್ನುತ್ತಾರೆ. ಯಾವ ವಾಸನೆಯೂ ಇಲ್ಲದಿದ್ದ ಕಾಲವೇ ವಾಸಿ ಅನ್ನಿಸಿತು. ಆಗ ತಿಂಡಿ ಸಪ್ಪೆ ಇತ್ತು, ಈಗ ಹೊಟ್ಟೆ ತೊಳಸುತ್ತಿತ್ತು. ತೂಕ ಇಳಿಯಿತು. ಬಿಸಿಯಾದದ್ದರಿಂದ ಆವಿ ಜಾಸ್ತಿ ಏಳುತ್ತದೆ, ಹಾಗಾಗಿ ತಣ್ಣಗೆ ಮಾಡಿ ತಿಂದರೆ ಪರವಾಗಿಲ್ಲ ಅಂತ ಹೆಂಡತಿಯೇ ಕಂಡುಹಿಡಿದಳು. ಡಾಕ್ಟರಂತೂ, "ಒಳ್ಳೇ ಲಕ್ಷಣ, ಹೊಸ ಎಳೆಗಳು ಮಿದುಳು ಮುಟ್ಟಿವೆ, ಇನ್ನೂ ಸರಿಯಾದ ಜಾಗ ಸಿಕ್ಕಿಲ್ಲ ಅಷ್ಟೇ" ಅಂತ ನಕ್ಕರು. ನಗುವುದು ಅವರಿಗೆ ಸುಲಭ.

ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು ಕಾಫಿಯ ಆವಿಯಲ್ಲಿರುವ ಅಣುಗಳನ್ನು ಬೇರೆಬೇರೆ ಮಾಡಿ ಇಂಥ ಮೂಗಿನವರಿಗೆ ಮೂಸಿಸಿದ್ದರು. 2022ರಲ್ಲಿ ಅದು ಪ್ರಕಟವಾಯಿತು. ಹೆಚ್ಚು ಜನಕ್ಕೆ ಅಸಹ್ಯ ಅನ್ನಿಸಿದ ಅಣು 2-ಫ್ಯೂರಾನ್‌ಮೀಥೇನ್‌ಥಯಾಲ್. ಕಾಫಿಗೆ ಕಾಫಿಯ ಪರಿಮಳ ಕೊಡುವವುಗಳಲ್ಲಿ ಅದೇ ಮುಖ್ಯವಾದದ್ದು. ಅತಿ ಕಡಿಮೆ ಪ್ರಮಾಣದಲ್ಲಿದ್ದರೂ ಮೂಗು ಹಿಡಿಯುವ ಅಣು ಅದು, ಹಾಗಾಗಿ ಅರೆಬರೆ ಚೇತರಿಸಿದ ಮೂಗಿಗೂ ಸಿಕ್ಕಿಬಿಡುತ್ತೆ. ನನ್ನ ಶತ್ರುವಿನ ರಚನಾ ಸೂತ್ರ ಬರೆಯಲು ಬಂದದ್ದೇ ಒಂದು ವಿಚಿತ್ರ ನೆಮ್ಮದಿ.

ಆಗಾಗ ಇಲ್ಲದ ಹೊಗೆಯ ವಾಸನೆಯೂ ಬರುತ್ತಿತ್ತು. ರಾತ್ರಿ ಎದ್ದು ಅಡುಗೆಮನೆ ನೋಡಿ ಬರುತ್ತಿದ್ದೆ. ಒಂದು ಕಡೆ ಇಲ್ಲದ ಹೊಗೆ ಮೂಗಿಗೆ ಬಡಿಯುತ್ತೆ, ಇನ್ನೊಂದು ಕಡೆ ಸೋರುವ ಗ್ಯಾಸು ತಿಳಿಯುವುದಿಲ್ಲ. ಅಡುಗೆ ಅನಿಲಕ್ಕೆ ಅದರದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತಲೇ ಮರ್ಕಾಪ್ಟಾನ್ ಸೇರಿಸಿರುತ್ತಾರೆ. ಕಾಫಿಯ ಆ ಅಣುವಿನ ಹಾಗೆ ಅದೂ ಗಂಧಕ ಇರುವ ಥಯಾಲ್ ಜಾತಿಯದೇ. ಗ್ಯಾಸ್ ಡಿಟೆಕ್ಟರ್, ಹೊಗೆಯ ಅಲಾರಂ ಎರಡನ್ನೂ ಹಾಕಿಸಿದೆವು. ಜೊತೆಗೆ ಮರೆವೂ ಇರುವವರ ಮನೆಯಲ್ಲಿ ಇವು ಇರಲೇಬೇಕು. ಇದನ್ನು ನನಗೆ ಯಾವ ಡಾಕ್ಟರೂ ತಾವಾಗಿ ಹೇಳಲಿಲ್ಲ.

ಹೇಳದಿರುವುದಕ್ಕೆ ಕಾರಣವೂ ಇದೆ. ನನ್ನ ಮೂಗಿನ ಫೈಲು ಒಂದು ಮಹಡಿಯಲ್ಲಿ, ತಲೆಯ ಫೈಲು ಇನ್ನೊಂದು ಮಹಡಿಯಲ್ಲಿ. ಒಂದೇ ವೈರಸ್ ಮಾಡಿದ ಕೆಲಸವಾದರೂ ಇವೆರಡು ಒಂದೇ ಮೇಜಿನ ಮೇಲೆ ಒಟ್ಟಿಗೆ ಬಂದದ್ದನ್ನು ನಾನು ನೋಡಿಲ್ಲ. ಅಲ್ಲಿಯ ವಿಷಯ ಇಲ್ಲಿ, ಇಲ್ಲಿಯದು ಅಲ್ಲಿ ಹೇಳಬೇಕಾದವನು ನಾನೇ. ಅದೂ ನೆನಪಿಟ್ಟುಕೊಂಡು!

ಇತ್ತೀಚೆಗೆ ಆ 16 ಕಡ್ಡಿಗಳನ್ನು ಮತ್ತೆ ಮೂಸಿದೆ. 11 ಸರಿ ಬಂದವು. ಇದು ಊಹೆಯ ಅಂಕವಂತೂ ಅಲ್ಲ. ನಿಂಬೆ ನಿಂಬೆಯ ಹಾಗೇ ಇದೆ, ಗುಲಾಬಿ ತೆಳ್ಳಗೆ ಬರುತ್ತೆ, ಕಾಫಿ ಕುಡಿಯಬಹುದು, ಮೊಟ್ಟೆ ಇನ್ನೂ ಆಗಲ್ಲ. ಅದೇ ನಾಲ್ಕಕ್ಕೆ ಅಂಟಿಕೊಳ್ಳದೆ ಕೆಲವು ತಿಂಗಳಿಗೊಮ್ಮೆ ವಾಸನೆಗಳನ್ನು ಬದಲಿಸಿದರೆ ಇನ್ನೂ ಒಳ್ಳೆಯದು ಅಂತ ಡಾಕ್ಟರು ಹೇಳಿದ್ದರಿಂದ ಹೊಸ ಬಾಟಲಿಗಳು ಬಂದಿವೆ. ತಲೆಯ ವಿಷಯಕ್ಕೆ ಬಂದರೆ ಬೆಳಿಗ್ಗೆ ನಾನು ಹಳೇ ಮೇಷ್ಟ್ರೇ. ಮಧ್ಯಾಹ್ನದ ಮೇಲೆ, ಅದರಲ್ಲೂ ಮೀಟಿಂಗ್ ಇದ್ದ ದಿನ, ಎದುರಿಗಿದ್ದವರ ಹೆಸರು ಕೇಳಬೇಕಾಗುತ್ತದೆ. ಅದಕ್ಕೇ ಮಧ್ಯಾಹ್ನದ ಕ್ಲಾಸುಗಳನ್ನು ಬೆಳಿಗ್ಗೆಗೆ ಹಾಕಿಕೊಡಿ ಅಂತ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟಿದ್ದೇನೆ. ಅದಕ್ಕೆ ಡಾಕ್ಟರ ಪತ್ರ ಬೇಕಂತೆ. ಮೂಗಿನವರನ್ನು ಕೇಳಿದರೆ ತಲೆಯವರು ಕೊಡಬೇಕು ಅನ್ನುತ್ತಾರೆ. ತಲೆಯವರು, ಮೋಕಾದಲ್ಲಿ 27 ಬಂದವರಿಗೆ ಏನಂತ ಬರೆಯೋದು ಅಂತ ಯೋಚಿಸುತ್ತಿದ್ದಾರೆ.